ಕೌಂಟರ್ ಕೆಳಗೆ ಕೂರುವ ಸಣ್ಣ ಪಿಸಿಗೆ ಯಾವ ಮದರ್‌ಬೋರ್ಡ್? (ಬಾಗಲಕೋಟೆ, ಡಿಟಿಪಿ ಅಂಗಡಿ)

ಚುಕ್ಕಿ_ರಂಗೋಲಿ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನವನಗರದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ, ಝೆರಾಕ್ಸ್ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಮದುವೆ ಕಾರ್ಡು, ಬ್ಯಾನರ್, ಅರ್ಜಿ, ನುಡಿಯಲ್ಲಿ ಟೈಪಿಂಗ್. ಗೇಮ್ ಗೀಮ್ ಏನೂ ಇಲ್ಲ.

ಈಗಿರುವ ಮಶೀನ್ ಇಂಟೆಲ್ 4ನೇ ಜನರೇಶನ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. 11 ಹಾಕಲು ಹೋದರೆ ಈ ಪ್ರೊಸೆಸರ್ ನಡೆಯಲ್ಲ ಅನ್ನುತ್ತದೆ. ಹಾಗಾಗಿ ಹೊಸದು ಕಟ್ಟಲೇಬೇಕು.

ನನ್ನ ದೊಡ್ಡ ತಲೆನೋವು ಜಾಗದ್ದು. ಹಳೇ ಟವರ್ ನೆಲದ ಮೇಲೆ ನನ್ನ ಕಾಲ ಹತ್ತಿರವೇ ಇದೆ. ದಿನಾ ಬೆಳಿಗ್ಗೆ ನೆಲ ಒರೆಸುವಾಗ ಎತ್ತಿಡಬೇಕು. ಹೋದ ವಾರ ಕಾಲು ತಾಗಿ ವೈರ್ ಕಿತ್ತು ಬಂತು. ಅರ್ಧ ಟೈಪ್ ಆಗಿದ್ದ ಲಗ್ನಪತ್ರಿಕೆ ಹೋಯಿತು, ಹುಡುಗಿ ಕಡೆಯವರು ಎದುರಿಗೇ ಕೂತಿದ್ದರು. ಕೌಂಟರ್ ಕೆಳಗೆ ಒಂದು ಖಾನೆ ಇದೆ. ಅಗಲ 28, ಎತ್ತರ 40, ಆಳ 44 ಸೆಂ.ಮೀ. ಅದರಲ್ಲಿ ಇಡಬೇಕು ಅಂತ ಆಸೆ.

ಯೂಟ್ಯೂಬ್‌ನಲ್ಲಿ ಮಿನಿ ಐಟಿಎಕ್ಸ್ ಬೋರ್ಡ್ ನೋಡಿದೆ. ಊಟದ ತಟ್ಟೆಗಿಂತ ಸಣ್ಣದು, 17 ಸೆಂ.ಮೀ. ಚೌಕ. ಬಹಳ ಹಿಡಿಸಿತು. ಅದನ್ನೇ ತಗೊಳ್ಳಲಾ? ಎರಡು ಮಾನಿಟರ್ ಬೇಕು, ಒಂದರಲ್ಲಿ ವಿಜಿಎ ಮಾತ್ರ ಇದೆ. ಕೀಬೋರ್ಡ್, ಮೌಸ್, ಪ್ರಿಂಟರ್, ಸ್ಕ್ಯಾನರ್, ಹೆಬ್ಬೆಟ್ಟು ಮಶೀನ್, ಮೇಲೆ ಗಿರಾಕಿಗಳ ಪೆನ್‌ಡ್ರೈವ್. ಮಾನಿಟರ್ ಬಿಟ್ಟು 30 ಸಾವಿರದೊಳಗೆ ಮುಗಿಯಬೇಕು.

ಗುಮ್ಮಟ_ಪಿಸಿ (ವಿಜಯಪುರ)

ಇಂಟೆಲ್ ಐ3 12100 ಪ್ರೊಸೆಸರ್, ಎಚ್610 ಚಿಪ್‌ಸೆಟ್‌ನ (ಬೋರ್ಡಿನ ಮುಖ್ಯ ಚಿಪ್ಪು) ಮಿನಿ ಐಟಿಎಕ್ಸ್, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ. ನಿಮ್ಮ ಕೆಲಸಕ್ಕೆ ಬೇಕಾದಷ್ಟಾಯಿತು. ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್ ಮಾತ್ರ ಬೇಡ. ನಾಲ್ಕು ದುಡ್ಡು ಕಡಿಮೆ ಅಂತ ಅಂಗಡಿಯವರು 12100ಎಫ್ ಕೊಡುತ್ತಾರೆ. ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಚುಚ್ಚಿ ಕರಿ ಪರದೆ ನೋಡುತ್ತಾ ಕೂರಬೇಕಾಗುತ್ತದೆ.

ಕುಂದಾ_ಬೈಟ್ (ಬೆಳಗಾವಿ)

ಅಕ್ಕಾ, ನಾನು ಇಂಜಿನಿಯರಿಂಗ್ ಹುಡುಗ, ರೂಮಿನಲ್ಲಿ ಮಿನಿ ಐಟಿಎಕ್ಸ್ ಇಟ್ಟುಕೊಂಡಿದ್ದೇನೆ. ಸೆಮಿಸ್ಟರ್ ಮುಗಿದರೆ ಬ್ಯಾಗಿಗೆ ಹಾಕಿಕೊಂಡು ಬಸ್ಸಿನಲ್ಲಿ ಊರಿಗೆ ಹೋಗುತ್ತೇನೆ. ಅದೇ ಒಂದು ಸುಖ. ಉಳಿದಂತೆ ನಿಜ ಹೇಳಬೇಕಾ? ಬೋರ್ಡು ಇಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಿದೆ. ಪಿಸಿಯ ಡಬ್ಬಿಗೆ (ಕೇಸ್) ಎಸ್‌ಎಫ್‌ಎಕ್ಸ್ ಅನ್ನುವ ಸಣ್ಣ ಅಳತೆಯ ಪವರ್ ಸಪ್ಲೈ ಬೇಕಿತ್ತು, ಅದಕ್ಕೆ ಮಾಮೂಲಿಗಿಂತ ಬಹಳ ಜಾಸ್ತಿ ಕೊಟ್ಟೆ. ಎರಡನೇ ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟ್ ಬೋರ್ಡಿನ ಬೆನ್ನಿಗಿದೆ. ಅದನ್ನು ಮುಟ್ಟಬೇಕಾದರೆ ಕೂಲರ್, ವೈರು ಎಲ್ಲಾ ಬಿಚ್ಚಿ ಬೋರ್ಡನ್ನೇ ಹೊರಗೆ ತೆಗೆಯಬೇಕು. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಚುಕ್ಕಿ_ರಂಗೋಲಿ

ನನಗೆ ಬ್ಯಾಗಿನಲ್ಲಿ ಒಯ್ಯುವುದಿಲ್ಲ ತಮ್ಮಾ, ಖಾನೆಯೊಳಗೆ ಹೋದರೆ ಸಾಕು. ಐಟಿಎಕ್ಸ್ ಬೇಡ ಅಂದರೆ ಮತ್ತೆ ದೊಡ್ಡ ಟವರೇ ಗತಿಯಾ?

ಹಳೇ_ಸೋಲ್ಡರ್ (ಬೆಳಗಾವಿ)

ಅಕ್ಕಾರೇ, ಇಪ್ಪತ್ತು ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಬೋರ್ಡ್ ಸಣ್ಣದಾದರೆ ಡಬ್ಬಿಯೂ ಸಣ್ಣದಾಗುತ್ತದೆ ಅಂತ ಬಹಳ ಮಂದಿ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಡಬ್ಬಿಯ ಅಳತೆ ನಿಂತಿರುವುದು ಪವರ್ ಸಪ್ಲೈ ಮತ್ತು ಕೂಲರ್ ಮೇಲೆ. ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ 150 ಮಿ.ಮೀ. ಅಗಲ, 86 ಎತ್ತರ, ಉದ್ದ 140. ಅದೇ ಒಂದು ಇಟ್ಟಿಗೆಯಷ್ಟಾಯಿತು. ಅದು ಒಳಗೆ ಕೂರಬೇಕು ಅಂದಮೇಲೆ ಬೋರ್ಡು 17 ಸೆಂ.ಮೀ. ಇದ್ದರೇನು, 20 ಇದ್ದರೇನು? ಎಸ್‌ಎಫ್‌ಎಕ್ಸ್ ಹಾಕಿದರೆ 125, 63.5, 100 ಮಿ.ಮೀ.ಗೆ ಇಳಿಯುತ್ತದೆ, ಆಗ ಡಬ್ಬಿ ನಿಜವಾಗಿ ಸಣ್ಣದಾಗುತ್ತದೆ. ಆದರೆ ಅದು ಕೆಟ್ಟ ದಿನ ಬಾಗಲಕೋಟೆಯಲ್ಲಿ ಯಾರ ಹತ್ತಿರ ಸ್ಟಾಕ್ ಇರುತ್ತದೆ?

ಇನ್ನು ಮೈಕ್ರೊ ಎಟಿಎಕ್ಸ್, ಐಟಿಎಕ್ಸ್‌ಗಿಂತ ದೊಡ್ಡ ಅಳತೆಯ ಬೋರ್ಡು. ಕಾಗದದ ಮೇಲೆ ಅದು 244 ಮಿ.ಮೀ. ಚೌಕ. ಆದರೆ ಅಂಗಡಿಗೆ ಹೋಗಿ ಕಡಿಮೆ ರೇಟಿನ ಎಚ್610 ಬೋರ್ಡಿನ ಪ್ಯಾಕ್ ಬಿಚ್ಚಿ ನೋಡಿ. ಅಗಲ 20 ಸೆಂ.ಮೀ. ಆಸುಪಾಸಿಗೆ ಕತ್ತರಿಸಿರುತ್ತಾರೆ, ಉದ್ದವೂ 23ರ ಸುತ್ತಮುತ್ತ. ಅಗಲದಲ್ಲಿ ಐಟಿಎಕ್ಸ್‌ಗೂ ಅದಕ್ಕೂ ಎರಡು ಬೆರಳಿನ ಫರಕು. ಸಣ್ಣ ಮೈಕ್ರೊ ಎಟಿಎಕ್ಸ್ ಟವರ್ ಸುಮಾರು 20 ಅಗಲ, 35 ಎತ್ತರ ಇರುತ್ತದೆ. ನಿಮ್ಮ ಖಾನೆಗೆ ಹೋಗುತ್ತದೆ.

ಈ 17 ಸೆಂ.ಮೀ. ಬೋರ್ಡು ಹೊಸದೂ ಅಲ್ಲ. ತೈವಾನಿನ ವಿಯಾ ಕಂಪನಿ 2001ರಲ್ಲೇ ತಂದಿತ್ತು. ಆಗ ಅದರ ಉದ್ದೇಶ ಕಡಿಮೆ ಕರೆಂಟಿನಲ್ಲಿ ತಣ್ಣಗೆ ನಡೆಯುವ ಮಶೀನ್. ಈಗ ಅದು ಶೋಕಿ ಬೋರ್ಡ್ ಆಗಿದೆ, ರೇಟೂ ಹಾಗೇ. ಅದೇ ಎಚ್610 ಚಿಪ್ಪು, ಅವೇ ಎರಡು ರ‍್ಯಾಮ್ ಸ್ಲಾಟು, ಐಟಿಎಕ್ಸ್ ಆದರೆ ಜಾಸ್ತಿ ದುಡ್ಡು.

ಕೊನೆಗೆ ನನ್ನ ಅನುಭವ. ಒಬ್ಬರು ಗಿರಾಕಿ ಆಫೀಸಿಗೆ ಪುಸ್ತಕದಷ್ಟು ದಪ್ಪದ ಡಬ್ಬಿಯಲ್ಲಿ ಐಟಿಎಕ್ಸ್ ಕಟ್ಟಿಸಿಕೊಂಡಿದ್ದರು. ಮೇ ತಿಂಗಳ ಗುಡುಗು ಮಳೆ, ಲ್ಯಾನ್ ವೈರ್ ಹಿಡಿದು ಸಿಡಿಲು ಬಂತು. ಲ್ಯಾನ್ ಪೋರ್ಟ್ ಸತ್ತಿತು. ಮೈಕ್ರೊ ಎಟಿಎಕ್ಸ್ ಆಗಿದ್ದರೆ ಒಂದು ಲ್ಯಾನ್ ಕಾರ್ಡ್ ಚುಚ್ಚಿ ಹತ್ತು ನಿಮಿಷಕ್ಕೆ ಎದ್ದು ಬರುತ್ತಿದ್ದೆ. ಇದರಲ್ಲಿ ಸ್ಲಾಟೇ ಇಲ್ಲ. ಬೋರ್ಡನ್ನು ವಾರಂಟಿಗೆ ಕಳಿಸಿದೆವು. ತಿರುಗಿ ಬರಲು ಐದು ವಾರ. ಅಷ್ಟೂ ದಿನ ದಿನಕ್ಕೊಂದು ಫೋನ್ ನನಗೆ.

ಕುಂದಾ_ಬೈಟ್

ಕಾಕಾ, ಒಂದು ತಿದ್ದುಪಡಿ. ಮಿನಿ ಐಟಿಎಕ್ಸ್‌ನಲ್ಲಿ ಕಾರ್ಡ್ ಚುಚ್ಚುವ ಒಂದು ಉದ್ದ ಸ್ಲಾಟ್ (ಪಿಸಿಐಇ ಎಕ್ಸ್16) ಇರುತ್ತದಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಅದು ಖಾಲಿ. ಸಣ್ಣ ಎಕ್ಸ್1 ಲ್ಯಾನ್ ಕಾರ್ಡ್ ಅದರಲ್ಲೂ ಕೂರುತ್ತದೆ, ಕೆಲಸವೂ ಮಾಡುತ್ತದೆ.

ಹಳೇ_ಸೋಲ್ಡರ್

ಹೌದಪ್ಪಾ, ಬರೆಯುವ ಭರದಲ್ಲಿ ತಪ್ಪಾಯಿತು. ಬೋರ್ಡಿನಲ್ಲಿ ಸ್ಲಾಟ್ ಇತ್ತು. ಆ ತೆಳ್ಳನೆ ಡಬ್ಬಿಯಲ್ಲಿ ಕಾರ್ಡ್ ನಿಲ್ಲಿಸಲು ಜಾಗ ಇರಲಿಲ್ಲ. ಬೈಯಬೇಕಾದ್ದು ಡಬ್ಬಿಯನ್ನು. ಐದು ವಾರದ ಕಥೆ ಮಾತ್ರ ಹಾಗೇ ಇರಲಿ.

ಆಲಮಟ್ಟಿ_ಅಲೆ (ಬಾಗಲಕೋಟೆ)

ಇಷ್ಟೆಲ್ಲ ಯಾಕೆ? ಸುಮ್ನೆ ಒಂದು ಮಿನಿ ಪಿಸಿ ತಗೊಳ್ಳಿ. ಇಂಟೆಲ್ ಎನ್100 ಹಾಕಿದ್ದು ಟಿಫಿನ್ ಡಬ್ಬಿಯಷ್ಟೇ ಇರುತ್ತದೆ, ಮಾನಿಟರ್ ಬೆನ್ನಿಗೇ ಅಂಟಿಸಬಹುದು. ನಮ್ಮ ಅಣ್ಣನ ಕಿರಾಣಿ ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಅದೇ ಇದೆ. ಕರೆಂಟ್ ಹೋದರೂ ಸಣ್ಣ ಯುಪಿಎಸ್ ಮೇಲೆ ಬಹಳ ಹೊತ್ತು ನಡೆಯುತ್ತದೆ.

ಗುಮ್ಮಟ_ಪಿಸಿ

ಬಿಲ್ಲಿಂಗ್‌ಗೆ ಸರಿ. ಎನ್100 ಅಂದರೆ 4 ಕೋರ್, 6 ವಾಟ್‌ನ ಚಿಪ್ಪು, ರ‍್ಯಾಮ್ ಒಂದೇ ಚಾನೆಲ್. ಅಕ್ಕ ಬ್ಯಾನರ್ ಮಾಡುತ್ತಾರೆ. ಹತ್ತಡಿ ಫ್ಲೆಕ್ಸ್ ಫೈಲ್ ಫೋಟೋಶಾಪ್‌ನಲ್ಲಿ ತೆರೆದು, ಪಕ್ಕದಲ್ಲಿ ಕೋರೆಲ್ ಡ್ರಾ ಇಟ್ಟುಕೊಂಡರೆ ಅದು ಏದುಸಿರು ಬಿಡುತ್ತದೆ. ಐ3 12100ಕ್ಕೂ ಕೋರ್ ನಾಲ್ಕೇ, ಆದರೆ ಒಂದೊಂದು ಕೋರೂ ಬಹಳ ಗಟ್ಟಿ, ಥ್ರೆಡ್ 8.

ಯುಪಿಎಸ್ ಮಾತು ಮಾತ್ರ ನಿಜ. ಸಾದಾ ಯುಪಿಎಸ್‌ನಲ್ಲಿ 12 ವೋಲ್ಟ್, 7 ಎಎಚ್ ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವಾಟ್ ಅವರ್, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಮಶೀನ್ ತಿನ್ನುವುದು ಕಡಿಮೆಯಾದಷ್ಟೂ ಫೈಲ್ ಸೇವ್ ಮಾಡಲು ಹೊತ್ತು ಸಿಗುತ್ತದೆ.

ಕಬ್ಬಿನ_ಕಾಟಾ (ಮುಧೋಳ)

ನಡುವೆ ಬಾಯಿ ಹಾಕುತ್ತೇನೆ. ನಾನು ವೇ ಬ್ರಿಡ್ಜ್ ಕಂಪ್ಯೂಟರ್ ನೋಡಿಕೊಳ್ಳುವವನು. ಕಬ್ಬಿನ ಹಂಗಾಮಿನಲ್ಲಿ ಹಗಲು ರಾತ್ರಿ ಗಾಡಿ ಬರುತ್ತವೆ. ಕಾಟಾದ ಇಂಡಿಕೇಟರ್‌ನಿಂದ ತೂಕ ಕಂಪ್ಯೂಟರಿಗೆ ಬರುವುದು ಹಳೇ ಸೀರಿಯಲ್ ಪೋರ್ಟಿನಲ್ಲಿ. ಯುಎಸ್‌ಬಿ ಕನ್ವರ್ಟರ್ ಹಾಕಿ ನೋಡಿದೆವು. ಒಮ್ಮೊಮ್ಮೆ ಕಾಮ್ ನಂಬರ್ (ಆ ಪೋರ್ಟಿನ ನಂಬರ್) ತಾನಾಗೇ ಬದಲಾಗಿಬಿಡುತ್ತದೆ. ರಾತ್ರಿ ಎರಡಕ್ಕೆ ಗಾಡಿಗಳ ಸಾಲು ನಿಂತಿದ್ದಾಗ ಹಾಗಾದರೆ ಡ್ರೈವರ್‌ಗಳ ಬೈಗುಳ ಕೇಳಬೇಕು.

ಆಮೇಲೆ ಗೊತ್ತಾಯಿತು, ಕೆಲವು ಕಡಿಮೆ ರೇಟಿನ ಮೈಕ್ರೊ ಎಟಿಎಕ್ಸ್ ಬೋರ್ಡುಗಳ ಕೆಳ ಅಂಚಿನಲ್ಲೇ ಕಾಮ್ ಅಂತ ಬರೆದ ಪಿನ್ನುಗಳಿರುತ್ತವೆ. ಪಟ್ಟಿ ಇರುವ ಒಂದು ವೈರ್ ತಂದು ಚುಚ್ಚಿದರೆ ಹಿಂದೆ ನಿಜವಾದ ಸೀರಿಯಲ್ ಪೋರ್ಟ್. ನಿಮ್ಮ ಹತ್ತಿರ ಹಳೇ ಮಶೀನ್ ಏನಾದರೂ ಇದ್ದರೆ ಬೋರ್ಡ್ ತಗೊಳ್ಳುವ ಮುಂಚೆ ಮ್ಯಾನ್ಯುವಲ್ ಇಳಿಸಿಕೊಂಡು ಆ ಪಿನ್ ಇದೆಯಾ ನೋಡಿ. ಫೋಟೋದಲ್ಲಿ ಕಾಣುವುದಿಲ್ಲ.

ಇನ್ನೊಂದು. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಬರುವ ಬೋರ್ಡಿನ ಸೆಟ್ಟಿಂಗ್ ಪುಟ) ಕರೆಂಟ್ ಬಂದಕೂಡಲೇ ತಾನಾಗೇ ಆನ್ ಆಗುವ ಸೆಟ್ಟಿಂಗ್ ಇರುತ್ತದೆ. ಖಾನೆಯೊಳಗೆ ಇಟ್ಟರೆ ಬಗ್ಗಿ ಬಟನ್ ಒತ್ತುವುದು ತಪ್ಪುತ್ತದೆ.

ಚುಕ್ಕಿ_ರಂಗೋಲಿ

ಸೀರಿಯಲ್ ಏನೂ ಇಲ್ಲ ಅಣ್ಣಾ, ಆದರೆ ಆ ಬಟನ್ ಮಾತು ಬಹಳ ಉಪಯೋಗ ಆಯಿತು. ಅಪ್ಪನಿಗೆ ಮೊಣಕಾಲು ನೋವು.

ಮಗ್ಗದ_ಸದ್ದು (ಬನಹಟ್ಟಿ)

ಖಾನೆಗೆ ಬಾಗಿಲು ಇದೆಯಾ ಅಕ್ಕಾ? ಯಾರೂ ಕೇಳಲೇ ಇಲ್ಲ. ನಮ್ಮಲ್ಲಿ ಡಿಸೈನ್ ಕಂಪ್ಯೂಟರ್ ಮಗ್ಗದ ಪಕ್ಕದ ಕೋಣೆಯಲ್ಲಿದೆ. ಹತ್ತಿಯ ನವಿರು ಎಲ್ಲಿಂದಾದರೂ ಒಳಗೆ ಬರುತ್ತದೆ. ಮೊದಲು ಇಟ್ಟಿದ್ದ ಸಣ್ಣ ಡಬ್ಬಿಯ ಕೂಲರ್ ಬಿಚ್ಚಿದರೆ, ಫ್ಯಾನ್ ಕೆಳಗೆ ಬಿಳಿ ಕಂಬಳಿ. ಅಕ್ಷರಶಃ ಕಂಬಳಿ, ಉಗುರಿನಿಂದ ಎತ್ತಿದರೆ ಒಂದೇ ತುಂಡಾಗಿ ಎದ್ದು ಬಂತು. ಅದರ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳು ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದವು. ಗಾಳಿಯೇ ಮುಟ್ಟಿಲ್ಲ! ಸಣ್ಣ ಕೂಲರ್‌ಗೆ ಸಣ್ಣ ಸಂದು, ಬೇಗ ಕಟ್ಟುತ್ತದೆ. ಈಗ ಮೈಕ್ರೊ ಎಟಿಎಕ್ಸ್ ಟವರ್, ಮುಂದೆ ಜಾಳಿಗೆ, ಹದಿನೈದು ದಿನಕ್ಕೊಮ್ಮೆ ಬ್ರಶ್. ಝೆರಾಕ್ಸ್ ಅಂಗಡಿಯಲ್ಲೂ ಪೇಪರ್ ಧೂಳು ಕಡಿಮೆ ಇರಲ್ಲ ಅಲ್ವಾ?

ಗುಮ್ಮಟ_ಪಿಸಿ

ಬಾಗಿಲಿದ್ದರೆ ತೆಗೆದು ಹಾಕಿಸಿ. ಏಪ್ರಿಲ್‌, ಮೇನಲ್ಲಿ ನಮ್ಮ ಕಡೆ ಹೊರಗೇ 40 ಡಿಗ್ರಿ ದಾಟುತ್ತದೆ. ಯಾವ ಫ್ಯಾನೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲ್ಲ. ಮುಚ್ಚಿದ ಖಾನೆಯಲ್ಲಿ ಅದೇ ಬಿಸಿ ಗಾಳಿ ಸುತ್ತುತ್ತದೆ.

ಚುಕ್ಕಿ_ರಂಗೋಲಿ

ಬಾಗಿಲು ಇತ್ತು. ನೀವು ಹೇಳಿದ ಮೇಲೆ ಸಂಜೆಯೇ ಸ್ಕ್ರೂ ಬಿಚ್ಚಿದೆ. ಐಟಿಎಕ್ಸ್ ಆಸೆ ಬಿಟ್ಟೆ, ಮೈಕ್ರೊ ಎಟಿಎಕ್ಸ್ ಸರಿ. ಈಗ ಹೇಳಿ, ಡಿಡಿಆರ್4 ಮೆಮರಿ ಹಾಕುವ ಬೋರ್ಡಾ, ಡಿಡಿಆರ್5ದಾ? ಇಲ್ಲಿನ ಅಂಗಡಿಯವರು ಇಂಟೆಲ್ ಬದಲು ಎಎಂಡಿ ಪ್ರೊಸೆಸರ್ ತಗೊಳ್ಳಿ ಅಂತಾರೆ. ಹಳೇ ಮಶೀನಿನ ರ‍್ಯಾಮ್ ಬರುತ್ತದಾ?

ಹಳೇ_ಸೋಲ್ಡರ್

4ನೇ ಜನರೇಶನ್‌ದು ಡಿಡಿಆರ್3. ಹೊಸ ಬೋರ್ಡಿಗೆ ಬರುವುದಿಲ್ಲ, ಕಡ್ಡಿಯ ಕಚ್ಚೇ ಬೇರೆ ಜಾಗದಲ್ಲಿರುತ್ತದೆ, ಒತ್ತಿ ಕೂರಿಸಲು ಹೋಗಬೇಡಿ. ಹಳೇ ಎಸ್‌ಎಸ್‌ಡಿ ಇದ್ದರೆ ಅದು ಬರುತ್ತದೆ.

2025ರ ಕೊನೆಯಿಂದ ರ‍್ಯಾಮ್ ರೇಟು ಎಲ್ಲಿಗೋ ಹೋಗಿದೆ. ಎಐ ಸರ್ವರ್‌ಗಳಿಗೆ ಮೆಮರಿ ಚಿಪ್ಪು ಹೋಗುತ್ತಿದೆ, ನಮಗೆ ಉಳಿಯುತ್ತಿಲ್ಲ. ಹೀಗಿರುವಾಗ ಡಿಡಿಆರ್4 ಬೋರ್ಡೇ ಲೇಸು, ಸೆಕೆಂಡ್ ಹ್ಯಾಂಡ್ ಕಡ್ಡಿಗಳಾದರೂ ಸಿಗುತ್ತವೆ. 12ನೇ ಜನರೇಶನ್ ಇಂಟೆಲ್‌ಗೆ ಎರಡು ಥರದ ಬೋರ್ಡೂ ಇವೆ, ಡಬ್ಬಿ ಮೇಲೆ ಡಿ4 ಅಂತಲೋ ಡಿಡಿಆರ್4 ಅಂತಲೋ ಇರುತ್ತದೆ, ಓದಿ ತಗೊಳ್ಳಿ. ಎಎಂಡಿಯ ಹೊಸ ಎಎಂ5 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಬೋರ್ಡಾದರೆ ಡಿಡಿಆರ್5 ಬಿಟ್ಟು ಬೇರೆ ದಾರಿ ಇಲ್ಲ. ಹಳೇ ಎಎಂ4ನಲ್ಲಿ ರೈಜನ್ 5600ಜಿ ಒಳ್ಳೆಯದೇ, 6 ಕೋರ್, ಗ್ರಾಫಿಕ್ಸೂ ಐ3ಗಿಂತ ಚೆನ್ನ. ರೇಟ್ ಹೊಂದಿದರೆ ತಗೊಳ್ಳಿ, ನನ್ನ ತಕರಾರಿಲ್ಲ. ಕೊನೆಗೆ ಜಿ ಇರಬೇಕು ಅಷ್ಟೇ, ಬರೀ 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಮತ್ತೆ ಆ ಎಎಂ4 ಕೂಲರ್ ತೆಗೆಯುವಾಗ ಅದಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿದ್ದರೆ ಪ್ರೊಸೆಸರೂ ಕಿತ್ತುಕೊಂಡು ಬರುತ್ತದೆ, ಪಿನ್ ಬಾಗುತ್ತವೆ. ಮೊದಲು ಸ್ವಲ್ಪ ಹೊತ್ತು ಮಶೀನ್ ನಡೆಸಿ ಬಿಸಿ ಮಾಡಿ, ಮೆಲ್ಲಗೆ ತಿರುಗಿಸಿ ತೆಗೆಯಬೇಕು.

ಎಷ್ಟೇ ಕಡಿಮೆ ತಗೊಂಡರೂ ಎರಡು ಕಡ್ಡಿ ಹಾಕಿ. 16 ಒಂದರ ಬದಲು 8, 8. ಎರಡಿದ್ದರೆ ಎರಡು ಚಾನೆಲ್, ವೇಗ ಜಾಸ್ತಿ. ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇದ್ದಾಗ ಅದು ತಿನ್ನುವುದು ಇದೇ ರ‍್ಯಾಮನ್ನು.

ಬೋರ್ಡಿನಲ್ಲಿ ನೋಡಬೇಕಾದ್ದು: ಹಿಂದೆ ವಿಜಿಎ ಮತ್ತು ಎಚ್‌ಡಿಎಂಐ ಎರಡೂ, ಯುಎಸ್‌ಬಿ ಆರು, ಎಂ.2 ಸ್ಲಾಟ್ ಒಂದು. ಬೋರ್ಡಿನ ಮೇಲೆ ಬಣ್ಣದ ದೀಪ ಇದೆಯಾ ಅಂತ ನೋಡಬೇಡಿ, ಖಾನೆಯೊಳಗೆ ಯಾರು ನೋಡುತ್ತಾರೆ. ಪ್ರೊಸೆಸರ್ ಬಾಕ್ಸ್ ಪ್ಯಾಕ್ ತಗೊಂಡರೆ ಕೂಲರ್ ಜೊತೆಗೇ ಬರುತ್ತದೆ, ಡಬ್ಬಿ ಇಲ್ಲದೆ ಬಿಡಿಯಾಗಿ ಮಾರುವ ಟ್ರೇ ಪೀಸಿಗೆ ಬರಲ್ಲ.

ಕುಂದಾ_ಬೈಟ್

ಇಂಟೆಲ್ ಆದರೆ ಸಾಕೆಟ್ ಮೇಲಿನ ಕರಿ ಮುಚ್ಚಳ ಎಸೆಯಬೇಡಿ ಅಕ್ಕಾ. ಬೋರ್ಡಿನ ಪಿನ್ ಬಾಗಿದರೆ ವಾರಂಟಿ ಕೊಡಲ್ಲ, ಮುಚ್ಚಳ ಇಲ್ಲದೆ ಕಳಿಸಿದರೂ ತಕರಾರು ತೆಗೆಯುತ್ತಾರೆ.

ಆಲಮಟ್ಟಿ_ಅಲೆ

ಖಾನೆ ಆಳ 44 ಅಂದಿರಿ. ಟವರ್ ಎಷ್ಟು ಉದ್ದ? ಹಿಂದಿನ ವೈರಿಗೆ ಜಾಗ ಬಿಟ್ಟಿದ್ದೀರಾ? ವಿಜಿಎ ವೈರ್ ಮುರಿದು ಮಡಚಲು ಬರಲ್ಲ.

ಚುಕ್ಕಿ_ರಂಗೋಲಿ

ಅಯ್ಯೋ, ಅದನ್ನು ಯೋಚಿಸಿರಲಿಲ್ಲ. ಹಳೇ ಟವರಿನ ಹಿಂದೆ ಸ್ಕೇಲ್ ಹಿಡಿದು ನೋಡಿದೆ. ವಿಜಿಎ ತಲೆ, ಅದರ ಸ್ಕ್ರೂ, ವೈರ್ ಬಾಗುವ ಜಾಗ ಎಲ್ಲಾ ಸೇರಿ 7 ಸೆಂ.ಮೀ. ಬೇಕು. ಅಂದರೆ ಟವರ್ 37 ದಾಟಬಾರದು. ನೋಡಿಟ್ಟಿದ್ದ ಟವರ್ 39 ಇದೆ. ಬೇರೆ ಹುಡುಕುತ್ತೇನೆ.

ಹಳೇ_ಸೋಲ್ಡರ್

ಬೇರೆ ಹುಡುಕುವುದು ಯಾಕೆ, ಖಾನೆಯ ಹಿಂದಿನ ಹಲಗೆಗೆ ಅಂಗೈ ಅಗಲದ ತೂತು ಕೊರೆಸಿ. ಬಡಿಗೇರರಿಗೆ ಹತ್ತು ನಿಮಿಷದ ಕೆಲಸ. ಬಿಸಿ ಗಾಳಿಗೂ ದಾರಿ ಆಯಿತು.

(11 ದಿನದ ಮೇಲೆ)

ಚುಕ್ಕಿ_ರಂಗೋಲಿ

ತೂತು ಕೊರೆಸಿದೆ. ಐ3 12100, ಎಚ್610 ಡಿಡಿಆರ್4 ಮೈಕ್ರೊ ಎಟಿಎಕ್ಸ್ ಬೋರ್ಡ್ ಇಲ್ಲೇ ಊರಲ್ಲಿ ತಗೊಂಡೆ. ಸೆಕೆಂಡ್ ಹ್ಯಾಂಡ್ 8 ಜಿಬಿ ಎರಡು ಕಡ್ಡಿ. ಬಜೆಟ್ ಸ್ವಲ್ಪ ದಾಟಿತು, ರ‍್ಯಾಮ್ ದೆಸೆಯಿಂದ. ನಾನೂ ತಮ್ಮನೂ ನಿನ್ನೆ ರಾತ್ರಿ ಕೂತು ಜೋಡಿಸಿದೆವು. ಮುಂದಿನ ಬಟನ್ನಿನ ಸಣ್ಣ ಸಣ್ಣ ವೈರು ಹುಡುಕಿ ಚುಚ್ಚುವುದರಲ್ಲೇ ಒಂದು ಗಂಟೆ ಹೋಯಿತು.

ಈಗ ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಪರದೆ ಮಾತ್ರ ಕರಿ. ಪ್ರೊಸೆಸರ್ ಎಫ್ ಅಲ್ಲ, ಡಬ್ಬಿ ನಾಲ್ಕು ಸಲ ಓದಿದೆ. ಎಚ್‌ಡಿಎಂಐ, ವಿಜಿಎ ಎರಡೂ ನೋಡಿದೆ. ಬೋರ್ಡೇ ಕೆಟ್ಟಿದ್ದು ಬಂತಾ?

ಹಳೇ_ಸೋಲ್ಡರ್

ಗಾಬರಿ ಬೇಡ. ರ‍್ಯಾಮ್ ಕಡ್ಡಿಗಳನ್ನು ಬೋರ್ಡು ಟವರಿನೊಳಗೆ ಕೂರಿಸಿದ ಮೇಲೆ ಹಾಕಿದಿರಾ?

ಚುಕ್ಕಿ_ರಂಗೋಲಿ

ಹೌದು ಕಾಕಾ. ಒತ್ತುವಾಗ ಬೋರ್ಡು ಬಾಗಿದ ಹಾಗಾಯಿತು, ಮುರಿಯುತ್ತದೆ ಅಂತ ಹೆದರಿ ಮೆಲ್ಲಗೆ ಒತ್ತಿದೆ.

ಹಳೇ_ಸೋಲ್ಡರ್

ಅದೇ. ನಾನು ಮೊದಲೇ ಹೇಳಬೇಕಿತ್ತು. ಅಗಲ ಕತ್ತರಿಸಿದ ಬೋರ್ಡ್ ಅಂದೆನಲ್ಲ, ಅದರ ಬಲಗಡೆ ಅಂಚಿನ ಕೆಳಗೆ ಸ್ಕ್ರೂ ತೂತೇ ಇರುವುದಿಲ್ಲ. ಆ ಅಂಚು ಗಾಳಿಯಲ್ಲಿ ನಿಂತಿರುತ್ತದೆ. ರ‍್ಯಾಮ್ ಸ್ಲಾಟು, 24 ಪಿನ್ನಿನ ಪವರ್ ಸಾಕೆಟ್ಟು ಎರಡೂ ಅಲ್ಲೇ. ಒತ್ತಿದರೆ ಬೋರ್ಡು ಕೆಳಗೆ ಹೋಗುತ್ತದೆ, ಕಡ್ಡಿ ಅರ್ಧಕ್ಕೇ ನಿಲ್ಲುತ್ತದೆ. ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಬೋರ್ಡನ್ನು ಹೊರಗೆ ತೆಗೆಯಿರಿ. ಅದರದೇ ರಟ್ಟಿನ ಡಬ್ಬಿ ಮೇಲೆ ಇಟ್ಟು ಕಡ್ಡಿಗಳನ್ನು ಟಕ್ ಅನ್ನುವವರೆಗೆ ಒತ್ತಿ. 24 ಪಿನ್ ಹಾಕುವಾಗ ಅಂಚಿನ ಕೆಳಗೆ ಬೆರಳು ಕೊಟ್ಟು ಹಿಡಿಯಿರಿ.

ಚುಕ್ಕಿ_ರಂಗೋಲಿ

ಬಂತು ಕಾಕಾ!! ಎರಡನೇ ಕಡ್ಡಿಯ ಒಂದು ತುದಿ ಕೂದಲೆಳೆಯಷ್ಟು ಮೇಲಿತ್ತು. ರಟ್ಟಿನ ಮೇಲೆ ಇಟ್ಟು ಒತ್ತಿದರೆ ಟಕ್ ಅಂತು, ತಮ್ಮ ಬೋರ್ಡ್ ಮುರಿಯಿತು ಅಂತ ಕೂಗಿದ. ಮೊದಲ ಸಲ ಪರದೆ ಬರಲು ಒಂದು ನಿಮಿಷ ತಗೊಂಡಿತು, ಆಮೇಲೆ ಸರಿ ಆಯಿತು. ವಿಂಡೋಸ್ 11 ಏನೂ ತಕರಾರಿಲ್ಲದೆ ಕೂತಿತು. ನುಡಿಯೂ ನಡೆಯುತ್ತದೆ.

ಮಗ್ಗದ_ಸದ್ದು

ಒಳ್ಳೆಯದಾಯಿತು. ಯುಎಸ್‌ಬಿ ಸಾಕಾಯಿತಾ?

ಚುಕ್ಕಿ_ರಂಗೋಲಿ

ಹಿಂದೆ ಆರು ಇದ್ದವು, ಐದು ಭರ್ತಿ. ಗಿರಾಕಿಗಳ ಪೆನ್‌ಡ್ರೈವ್‌ಗೆ ಮುಂದಿನದು. ಆ ಉಳಿದ ಒಂದು ಯುಎಸ್‌ಬಿಗೆ ಅಪ್ಪ ಆಗಲೇ ತಮ್ಮ ಮೊಬೈಲ್ ಚಾರ್ಜಿಗೆ ಹಾಕಿಕೊಂಡಿದ್ದಾರೆ.